ಹನ್ನೆರಡು ದಿಂಬುಗಳ ಕೂಡುಮನೆ

ವಿಶಾಲಾಕ್ಷಿಗೆ ಪಿಯುಸಿಯ ಎರಡೂ ವರ್ಷ ಗಣಿತಕ್ಕೆ ಮೇಷ್ಟರಿರಲಿಲ್ಲ. ಹುದ್ದೆ ಖಾಲಿ ಇತ್ತು. ಗಣಿತದ ಪೀರಿಯಡ್ಡಿಗೆ ಆಟದ ಮೇಷ್ಟರು ಬಂದು ಹಾಜರಿ ತೆಗೆದುಕೊಂಡು, ಗಲಾಟೆ ಮಾಡಬೇಡಿ ಎಂದು ಹೇಳಿ ಮೊಬೈಲು ನೋಡುತ್ತ ಕೂರುತ್ತಿದ್ದರು. ಅವಳು ಗೈಡು ಇಟ್ಟುಕೊಂಡು ಲೆಕ್ಕಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿದಳು. ಪಾಸಾದಳು, ಎಂಜಿನಿಯರಿಂಗ್ ಸೀಟೂ ಸಿಕ್ಕಿತು. ಆದರೆ ಗೈಡಿನಲ್ಲಿದ್ದ ಅಂಕಿ ಒಂದು ಬದಲಾದರೆ ಸಾಕು, ಅವಳ ಕೈ ನಿಂತುಹೋಗುತ್ತಿತ್ತು. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋದರೆ ಎರಡನೆಯದಕ್ಕೆ ಪ್ರವೇಶವಿಲ್ಲ ಎಂಬುದು ಆ ಕಾಲೇಜಿನ ನಿಯಮ. ಅದನ್ನು ಓದಿದ ದಿನದಿಂದ ಅವಳು ಹಳೆಯ ಗೈಡನ್ನು ಹೋದಲ್ಲೆಲ್ಲ ಹೊತ್ತು ತಿರುಗಿದಳು.

ಕಾಲೇಜು ಇದ್ದದ್ದು ಚಿತ್ರದುರ್ಗದ ಆಚೆ, ಗಾಳಿಯಂತ್ರಗಳು ಸಾಲುಗಟ್ಟಿ ನಿಂತ ಗುಡ್ಡದ ಬುಡದಲ್ಲಿ. ಅಲ್ಲಿ ಮೊದಲ ವರ್ಷದವರಿಗೆ ಹಾಸ್ಟೆಲ್ ಎನ್ನುವುದಿಲ್ಲ, ಕೂಡುಮನೆ ಎನ್ನುತ್ತಾರೆ. ಒಂದೇ ಆಸಕ್ತಿಯ ಹುಡುಗರು, ಅಥವಾ ಹುಡುಗಿಯರು, ಒಂದೇ ಸೂರಿನಡಿ ಇದ್ದು ಉಣ್ಣಬೇಕು, ಓದಬೇಕು. ಒಬ್ಬ ಅಧ್ಯಾಪಕರು ಅವರ ಕೆಳಮಹಡಿಯಲ್ಲೇ ವಾಸವಿರುತ್ತಾರೆ. ಆಯ್ಕೆಯ ದಿನ ಪ್ರತಿಯೊಬ್ಬರೂ ತಮ್ಮ ಹಾಸಿಗೆ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಅಂಗಳ ಸುತ್ತಬೇಕು. ಯಾವ ಜಗಲಿಯ ಮೇಲೆ ಸುರುಳಿ ಇಳಿಸಿದರೋ ವರ್ಷವಿಡೀ ಅದೇ ಮನೆ. ಇಳಿಸಿದ ಸುರುಳಿಯನ್ನು ಮತ್ತೆ ಎತ್ತಿಕೊಂಡವರು ನಗೆಪಾಟಲಾಗುತ್ತಾರೆ. ಯಂತ್ರ ಕಟ್ಟುವವರ ಜಗಲಿಯಲ್ಲಿ ಸೀನಿಯರುಗಳು ರೋಬೊ ಕುಣಿಸುತ್ತಿದ್ದರು. ನೀರಿನ ಕೆಲಸದವರು ಮಜ್ಜಿಗೆ ಹಂಚುತ್ತಿದ್ದರು. ಆರನೇ ಕೂಡುಮನೆಯ ಜಗಲಿಯಲ್ಲಿ ಮಾತ್ರ ಕೂಗಾಟವಿರಲಿಲ್ಲ. ಒಂದು ಹಲಗೆ, ಅದರ ಮೇಲೆ ಹಿಂದಿನ ವರ್ಷದ ಹನ್ನೆರಡು ಹುಡುಗಿಯರ ಗಣಿತದ ಅಂಕ. ಎಂಬತ್ತಕ್ಕಿಂತ ಕಡಿಮೆ ಒಂದೂ ಇರಲಿಲ್ಲ.

ಜೊತೆಗೆ ಬಂದಿದ್ದವಳು ಅವ್ವ ಹಾಲಮ್ಮ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿಗೆ ಅಕ್ಕಿ ಸುರಿದು ಅರಳಿಸುವ ಕೆಲಸ. ಮಗಳ ಹೊಸ ಗೆಳತಿಯರಿಗೆಂದು ಒಂದು ಚೀಲ ಮಂಡಕ್ಕಿ ತಲೆಯ ಮೇಲೆ ಹೊತ್ತು ತಂದಿದ್ದಳು. ಹಾಲಮ್ಮ ಹುಟ್ಟು ಕಿವುಡಿ. ಶಾಲೆ ಕಂಡವಳಲ್ಲ, ಅಕ್ಷರ ಬಾರದು, ಕಿವುಡರ ಶಾಲೆಯಲ್ಲಿ ಕಲಿಸುವ ಸನ್ನೆಗಳೂ ಬಾರವು. ಅವಳೂ ಅವಳ ತಾಯಿಯೂ ಸೇರಿ ಮನೆಯಲ್ಲೇ ಕಟ್ಟಿಕೊಂಡ ಮಾತೊಂದಿತ್ತು. ಕೈ ಅದರಲ್ಲಿ ಅರ್ಧ ಮಾತ್ರ. ಉಳಿದರ್ಧ ಹುಬ್ಬು, ಕೆನ್ನೆ, ಭುಜ, ಎದುರಿಗಿರುವವರ ಮೈ. ಭುಜ ಮುಂದೆ ಹೋದರೆ ನಾಳೆ, ಗದ್ದ ಹಿಂದೆ ಸರಿದರೆ ನಿನ್ನೆ. ಹುಬ್ಬು ಏಳದಿದ್ದರೆ ಪ್ರಶ್ನೆಯೇ ಇಲ್ಲ. ಅಜ್ಜಿ ಸತ್ತ ಮೇಲೆ ಆ ಮಾತು ಬಲ್ಲವರು ಭೂಮಿಯ ಮೇಲೆ ಇಬ್ಬರೇ ಉಳಿದರು, ಅವ್ವ ಮತ್ತು ವಿಶಾಲಾಕ್ಷಿ. ಮನೆಯಲ್ಲಿದ್ದ ಸೋದರಮಾವ ಕೊಟ್ರೇಶಪ್ಪನಿಗೆ ಬಾ, ಹೋಗು, ಉಣ್ಣು ಮತ್ತು ನಾಲ್ಕಾರು ಹೆಸರು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಲಾರಿ ಓಡಿಸುವವನು, ಮನೆಯಲ್ಲಿರುತ್ತಿದ್ದುದೇ ಕಡಿಮೆ.

ಜಗಲಿಯ ಮೇಲಿದ್ದ ಸೀನಿಯರನ್ನು ವಿಶಾಲಾಕ್ಷಿ ಮಾತಿಗೆಳೆದಳು. ಇಳಕಲ್ಲಿನವಳಂತೆ. ನಿಮ್ಮ ಮನೆಯಲ್ಲೂ ಸೀರೆ ನೇಯುತ್ತಾರಾ ಅಕ್ಕಾ ಎಂದು ಸುಮ್ಮನೆ ಕೇಳಿದಳು. ಆಕೆ ಹೂಂ ಎಂದು ಬಾಯಿ ತೆರೆದು, ಹಾಗೇ ನಿಂತಳು. ಮಗ್ಗ ಇದೆ, ಅದರಲ್ಲಿ ಏನೋ ಒಂದು ಮಾಡುತ್ತಾರೆ, ತಾನೂ ಮಾಡುತ್ತಿದ್ದೆ ಎಂದಳು. ಆಮೇಲೆ ನಕ್ಕಳು. ಹಿಂದೆ ಕೂತಿದ್ದ ಉಳಿದ ಹುಡುಗಿಯರೂ ಅದೇ ಕ್ಷಣಕ್ಕೆ ನಕ್ಕರು.

ಅವ್ವ ಮಗಳ ಮೊಣಕೈ ಹಿಡಿದೆಳೆದಳು. ಬೆರಳಿನಿಂದ ಅವರನ್ನೆಲ್ಲ ಒಂದು ಸುತ್ತು ತೋರಿಸಿ, ಅಂಗೈಯಿಂದ ತನ್ನ ಮುಖವನ್ನು ಗೋಡೆಗೆ ಸಾರಿಸಿದ ಹಾಗೆ ಸವರಿಕೊಂಡಳು. ಇವರದೆಲ್ಲ ಒಂದೇ ಮುಖ ಎಂದರ್ಥ. ವಿಶಾಲಾಕ್ಷಿ ಹಲಗೆಯ ಮೇಲಿನ ಅಂಕಗಳನ್ನು ಇನ್ನೊಮ್ಮೆ ನೋಡಿದಳು. ಸುರುಳಿಯನ್ನು ಆರನೇ ಜಗಲಿಯ ಮೇಲೆ ಇಳಿಸಿದಳು.

ಆರನೇ ಕೂಡುಮನೆಯ ಅಧ್ಯಾಪಕರು ಪ್ರೊಫೆಸರ್ ಇಂದುಧರ ಸಾಲಿಮಠ, ಧಾರವಾಡದ ಕಡೆಯವರು. ಮರುದಿನ ಹನ್ನೆರಡು ಹುಡುಗಿಯರನ್ನು ಕೆಳಮಹಡಿಯ ಗಾಜಿನ ಕೋಣೆಗೆ ಕರೆದು, ಗೋಡೆಯಗಲದ ಪರದೆಯ ಮುಂದೆ ನಿಲ್ಲಿಸಿ, ಏನನ್ನೂ ಮುಚ್ಚಿಡದೆ ವಿವರಿಸಿದರು. ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೆ ಓದಿಕೊಳ್ಳುತ್ತದೆ. ನಿಮ್ಮ ದಿಂಬಿನೊಳಗಿರುವ ಸಲಕರಣೆ ಆ ಓದನ್ನು ಹಿಡಿಯುತ್ತದೆ. ಒಬ್ಬಳ ಮಿದುಳು ಒಂದು ಲೆಕ್ಕವನ್ನು ಸರಿಯಾಗಿ ಓದಿಕೊಂಡ ಗಳಿಗೆಯಲ್ಲಿ ಉಳಿದ ಹನ್ನೊಂದು ದಿಂಬುಗಳು ಕಿವಿಯ ಹಿಂದೆ ಸಣ್ಣದಾಗಿ ತಟ್ಟುತ್ತವೆ. ಅವರ ಮಿದುಳೂ ಅದೇ ಪುಟ ತೆರೆಯುತ್ತದೆ. ಬೆಳಿಗ್ಗೆ ಎದ್ದಾಗ ಒಬ್ಬಳಿಗೆ ಬಂದದ್ದು ಹನ್ನೆರಡು ಮಂದಿಗೆ ಅರ್ಧ ಬಂದಿರುತ್ತದೆ. ಉಳಿದರ್ಧಕ್ಕೆ ನೀವು ಕೂತು ಅಭ್ಯಾಸ ಮಾಡಬೇಕು, ಅಷ್ಟೆ.

ಆದದ್ದೂ ಹಾಗೆಯೇ. ದಸರೆ ಹೊತ್ತಿಗೆ ವಿಶಾಲಾಕ್ಷಿಯ ಕೈ ಲೆಕ್ಕದ ಮೇಲೆ ನಿಲ್ಲದೆ ಓಡತೊಡಗಿತು. ಕೋಣೆಯ ಜೊತೆಗಾತಿ ಕಾರ್ಕಳದ ಜೋಯ್ಲಿನ್ ಕ್ರಾಸ್ತಾಳಿಗೆ ಗಣಿತ ಮೊದಲಿಂದಲೂ ಚೆನ್ನಾಗಿ ಬರುತ್ತಿತ್ತು. ಅವಳ ಗಣಿತವೇ ಈಗ ಇವಳೊಳಗೆ ಬಂದು ಕೂತಿತ್ತು. ಕ್ಯಾಲ್ಕುಲಸ್ಸಿನ ಒಂದು ಲೆಕ್ಕವನ್ನು ಬಿಡಿಸುವಾಗ ಜೋಯ್ಲಿನ್ ಎಲ್ಲಿ ಮೂಗು ಉಜ್ಜಿಕೊಳ್ಳುತ್ತಾಳೋ ಅಲ್ಲಿ ತಾನೂ ಉಜ್ಜಿಕೊಳ್ಳುತ್ತೇನೆ ಎಂಬುದು ವಿಶಾಲಾಕ್ಷಿಯ ಗಮನಕ್ಕೆ ಬಂತು. ತಮಾಷೆ ಎನಿಸಿತು. ಹಳೆಯ ಗೈಡನ್ನು ರದ್ದಿಗೆ ಹಾಕಿದಳು.

ಒಂದು ಭಾನುವಾರ ಅವ್ವ ಪಕ್ಕದ ಮನೆಯವರ ಮೊಬೈಲಿನಲ್ಲಿ ಕಾಣಿಸಿಕೊಂಡಳು. ಮುಂಗೈಯನ್ನು ಹಣೆಗೆ ಒತ್ತಿ, ಎರಡು ಬೆರಳನ್ನು ಕಣ್ಣ ಕೆಳಗಿಟ್ಟು, ನಿಧಾನವಾಗಿ ರೆಪ್ಪೆ ಮುಚ್ಚಿ ತೆಗೆದಳು. ವಿಶಾಲಾಕ್ಷಿಗೆ ಅದು ಯಾವ ಸನ್ನೆ ಎಂದು ಹೊಳೆಯಲಿಲ್ಲ. ಹೊಸದಾಗಿ ಏನೋ ಕಟ್ಟಿರಬೇಕು ಎಂದುಕೊಂಡು ನಕ್ಕು ತಲೆಯಾಡಿಸಿದಳು. ಅವ್ವ ಮತ್ತೊಮ್ಮೆ ಮಾಡಿದಳು. ಇವಳು ಮತ್ತೊಮ್ಮೆ ನಕ್ಕಳು. ಅವ್ವ ಕೈ ಇಳಿಸಿ, ಮೊಬೈಲನ್ನು ಮುಖಕ್ಕೆ ಹತ್ತಿರ ತಂದು ಮಗಳನ್ನೇ ನೋಡುತ್ತ ಉಳಿದಳು. ಆಮೇಲೆ ಪರದೆ ಕಪ್ಪಾಯಿತು.

ವಾರದ ನಡುವೆ ಕೊಟ್ರೇಶಪ್ಪ ಫೋನು ಮಾಡಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

"ಏನವ್ವ, ಜ್ವರ, ಕಣ್ಣು ಬಿಡಾಕಾಗವಲ್ದು ಅಂತ ನಿಮ್ಮವ್ವ ನಿನಗ ಹೇಳಿದ್ಲು ಅಂತ ಪಕ್ಕದ ಮನಿಯಾರು ಅಂದ್ರು. ನೀ ನಕ್ಕಿಯಂತ. ನನ್ ಮುಂದ ಕುಂತು ನಿನ್ನ ನಗೂನ ಮಾಡಿ ತೋರಿಸ್ತಾಳ. ಜಗಳ ಏನಾರ ಆಡಿದ್ರೇನು?"

ಆಸ್ಪತ್ರೆಗೆ ಕರೆದುಕೊಂಡು ಹೋದೆಯಾ ಮಾವಾ ಎಂದಳು. ಹೋಗಿದ್ದಾಯಿತು, ಈಗ ಜ್ವರ ಇಳಿದಿದೆ, ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ತನಗೆ ಹೇಳಲು ಬರಲಿಲ್ಲ ಎಂದ. ಫೋನಿಟ್ಟ ಮೇಲೆ ವಿಶಾಲಾಕ್ಷಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಹುಟ್ಟಿದಾಗಿನಿಂದ ಆಡಿದ ಮಾತು ಅದು. ಒಂದೊಂದೇ ಸನ್ನೆ ಮಾಡಿ ನೋಡಿದಳು. ಉಪ್ಪು ಬಂತು. ಬಸ್ಸು ಬಂತು. ಅಜ್ಜಿಯ ಹೆಸರಿಗೆ ಬೆರಳು ಮೂಗಿನ ತನಕ ಹೋಗಿ ನಿಂತಿತು, ಮುಂದೇನು ಎಂದು ಗೊತ್ತಾಗಲಿಲ್ಲ. ಕನ್ನಡಿಯಲ್ಲಿ ಮೂಗಿನ ಮೇಲೆ ಬೆರಳಿಟ್ಟುಕೊಂಡ ಹುಡುಗಿಯೊಬ್ಬಳು ನಿಂತಿದ್ದಳು.

ಜೋಯ್ಲಿನ್‌ಗೆ ಹೇಳಿದಳು. ಜೋಯ್ಲಿನ್ ಉಗುರು ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನಂಗೂ ಹೋಗಿದೆ ಮಾರಾಯ್ತಿ. ಅಜ್ಜಿ ಹೇಳಿಕೊಟ್ಟ ಕೊಂಕಣಿ ಹಾಡು ಒಂದಿತ್ತು. ರಾಗ ಉಂಟು, ಮಾತಿಲ್ಲ. ಅಲ್ಲ, ಪರೀಕ್ಷೆಗೆ ಅದನ್ನು ಕೇಳ್ತಾರಾ?"

ವಿಶಾಲಾಕ್ಷಿ ನೇರ ಕೆಳಮಹಡಿಗೆ ಇಳಿದಳು. ಗಾಜಿನ ಕೋಣೆಯಲ್ಲಿ ಸಾಲಿಮಠರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಪರದೆಯ ಮೇಲೆ ಹಿಂದಿನ ರಾತ್ರಿಯ ಹನ್ನೆರಡು ಗೆರೆಗಳು, ಒಬ್ಬೊಬ್ಬಳ ನಿದ್ದೆಗೆ ಒಂದೊಂದು, ನಿಂತಿದ್ದವು. ಹೆಚ್ಚಿನ ಕಡೆ ಹನ್ನೆರಡೂ ಒಂದರ ಮೇಲೊಂದು ಕೂತು ಒಂದೇ ದಪ್ಪ ಗೆರೆಯಾಗಿದ್ದವು. ಅವಳು ಹೇಳಿದ್ದನ್ನೆಲ್ಲ ಕೇಳಿ ಅವರು ರೊಟ್ಟಿ ಕೆಳಗಿಟ್ಟರು.

"ದಿಂಬು ಏನೂ ಅಳಸಂಗಿಲ್ಲ ತಂಗಿ. ಅಳಸೋದು ಮಿದುಳ. ನಿದ್ದಿಯೊಳಗ ಅದು ಕಸಾನೂ ಹೊಡಿತೈತಿ. ಹನ್ನೆರಡು ಮಂದಿ ಕೂಡಿ ಓದಿದ್ದು ಗಟ್ಟಿ ಆಗ್ತೈತಿ. ಒಬ್ಬಾಕಿನ ಓದಿದ್ದು ಕಸ ಅಂತ ತಿಳಿತೈತಿ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಅವರು ಡಬ್ಬಿಯ ಮುಚ್ಚಳ ಹಾಕುತ್ತ, ಹಿಂದಿನ ವರ್ಷ ಯಾರೂ ದೂರು ಹೇಳಲಿಲ್ಲ ಎಂದರು. ಹೋದದ್ದು ಇನ್ನೊಬ್ಬರಿಗೆ ಗೊತ್ತೇ ಇಲ್ಲದ್ದು. ಹಾಗಾಗಿ ಅದು ಹೋಗಿದೆ ಎಂದು ತೋರಿಸುವವರೂ ಇರಲಿಲ್ಲ. ಬೇಕಾದರೆ ಇವತ್ತೇ ಬಿಟ್ಟುಹೋಗಬಹುದು, ತಾವು ತಡೆಯುವುದಿಲ್ಲ. ಆದರೆ ಗಣಿತವೂ ಹನ್ನೆರಡು ಗೂಟಗಳ ಮೇಲೆ ನಿಂತಿದೆ. ಗುಂಪು ಬಿಟ್ಟರೆ ಪರೀಕ್ಷೆಯೊಳಗೆ ಅದೂ ಸಡಿಲಾಗುತ್ತದೆ. ಸೆಮಿಸ್ಟರ್ ಮುಗಿಯುವ ತನಕ ಬೇರೆ ಕೂಡುಮನೆಯಲ್ಲಿ ಜಾಗವೂ ಸಿಗುವುದಿಲ್ಲ.

ವಿಶಾಲಾಕ್ಷಿ ಪರದೆಯನ್ನೇ ನೋಡುತ್ತಿದ್ದಳು. ದಪ್ಪ ಗೆರೆಯಿಂದ ಅಲ್ಲಲ್ಲಿ ಒಂದು ಎಳೆ ಬಿಡಿಯಾಗಿ ಎದ್ದು, ಕೂದಲಿನ ಹಾಗೆ ಸಣ್ಣಗಾಗಿ ಮುಗಿಯುತ್ತಿತ್ತು. ಅವುಗಳಲ್ಲಿ ತನ್ನ ಅವ್ವ ಯಾವುದು ಎಂದು ಕೇಳಬೇಕೆನಿಸಿತು. ಅದಕ್ಕೆ ಬದಲಾಗಿ ಬೇರೆ ಪ್ರಶ್ನೆ ಬಾಯಿಗೆ ಬಂತು.

"ಸರ್, ನಮ್ಮವ್ವನ ಮಾತು ಹನ್ನೆರಡೂ ಜನಕ್ಕೆ ಬಂದ್ರೆ?"

ಸಾಲಿಮಠರು ಅವಳನ್ನು ಹೊಸದಾಗಿ ನೋಡಿದರು. ಹಾಗಾದರೆ ಅದು ಹೋಗುವುದಿಲ್ಲ, ಗಟ್ಟಿಯಾಗುತ್ತದೆ ಎಂದರು. ಒಳ್ಳೆಯ ಎಂಜಿನಿಯರ್ ಆಗುತ್ತೀ ಎಂದೂ ಹೇಳಿದರು.

ಅಂದು ಸಂಜೆಯಿಂದಲೇ ಮೆಸ್ಸಿನ ಉದ್ದದ ಮೇಜಿನಲ್ಲಿ ಪಾಠ ಶುರುವಾಯಿತು. ಉಳಿದಿದ್ದ ಸನ್ನೆಗಳನ್ನೆಲ್ಲ ಒಂದೂ ಬಿಡದೆ ಕಲಿಸಬೇಕೆಂದು ವಿಶಾಲಾಕ್ಷಿ ಗಂಟಲು ಕಟ್ಟುವ ತನಕ ವಿವರಿಸುತ್ತಿದ್ದಳು. ಹುಡುಗಿಯರು ಬೇಡ ಎನ್ನಲಿಲ್ಲ. ಅವರಿಗೆ ಅದು ಆಟವಾಗಿತ್ತು, ಮೇಲಾಗಿ ಉಪಯೋಗಕ್ಕೂ ಬರುತ್ತಿತ್ತು. ತರಗತಿಯಲ್ಲಿ ಮೇಷ್ಟರ ಎದುರಿಗೇ ಡೆಸ್ಕಿನ ಕೆಳಗೆ ಹರಟಬಹುದು, ಮುಂದಿನ ಬೆಂಚಿನವಳ ಹೊಸ ಚೂಡಿದಾರವನ್ನು ಅವಳ ಬೆನ್ನ ಹಿಂದೆಯೇ ಆಡಿಕೊಳ್ಳಬಹುದು, ಕಿರುಪರೀಕ್ಷೆಯಲ್ಲಿ ಉತ್ತರ ಕೇಳಬಹುದು. ಹಿಂದಿನ ಬೆಂಚಿನಿಂದ ಮುಂದಿನದಕ್ಕೆ ಹನ್ನೆರಡು ಬಲಗೈಗಳು ಮೊಣಕಾಲಿನ ಮೇಲೆ ಸರಸರ ಆಡುತ್ತಿದ್ದವು. ಮೇಲೆ ಹನ್ನೆರಡು ಮುಖಗಳು ಬೋರ್ಡಿಗೆ ನೆಟ್ಟು ಅಲ್ಲಾಡದೆ ಇರುತ್ತಿದ್ದವು. ಇಷ್ಟು ಗಮನವಿಟ್ಟು ಕೇಳುವ ಮಕ್ಕಳನ್ನು ನೋಡಿಲ್ಲ ಎಂದು ಮೆಕ್ಯಾನಿಕ್ಸ್ ಮೇಷ್ಟರು ಮೆಚ್ಚಿಕೊಂಡರು.

ಡಿಸೆಂಬರಿನಲ್ಲಿ ಸಾಲಿಮಠರು ಅವಳನ್ನು ಕರೆದು ಪರದೆ ತೋರಿಸಿದರು. ಯಂತ್ರ ಸನ್ನೆಗಳನ್ನು ಬೇರೆ ಬೇರೆಯಾಗಿ ಗುರುತಿಸಿತ್ತು: ನಾನೂರ ಹನ್ನೆರಡು. ಅಷ್ಟೂ ದಪ್ಪ ಗೆರೆಯೊಳಗೆ ಸೇರಿದ್ದವು. ಬಿಡಿ ಎಳೆ ಒಂದೂ ಇರಲಿಲ್ಲ. ಆವತ್ತು ಅವಳು ಎರಡು ತಟ್ಟೆ ಅನ್ನ ಉಂಡಳು.

ಒಂದೇ ಒಂದು ಸಲ ಅನುಮಾನ ಬಂದದ್ದುಂಟು. ತಿಂಡಿಯ ಹೊತ್ತು. ನಾಳೆ ಲ್ಯಾಬ್ ಇದೆಯಾ ಎಂದು ಜೋಯ್ಲಿನ್‌ಗೆ ಸನ್ನೆ ಮಾಡುವಾಗ ಅವಳ ಭುಜ ತಾನಾಗಿ ಮುಂದೆ ಹೋಯಿತು. ಜೋಯ್ಲಿನ್ ಇಡ್ಲಿ ನುಂಗುವುದನ್ನು ಬಿಟ್ಟು ನಕ್ಕಳು.

"ಅದೆಂತ ಭುಜ ಕುಣಿಸುವುದು? ನಾಳೆ ಅಂದ್ರೆ ಹೀಗಲ್ವಾ?" ಎಂದು ಹೆಬ್ಬೆರಳಿನಿಂದ ತೋರುಬೆರಳನ್ನು ಚಿಮ್ಮಿ ತೋರಿಸಿದಳು. ಮೇಜಿನ ಸುತ್ತ ಕೂತಿದ್ದ ಉಳಿದವರೂ ಅದೇ ರೀತಿ ಬೆರಳು ಚಿಮ್ಮಿದರು, ಒಬ್ಬಳನ್ನು ತಿದ್ದುವ ತರಗತಿಯ ಹಾಗೆ.

ಹೌದಲ್ಲ, ಹೀಗೇ ಅಲ್ಲವೆ ಎಂದು ವಿಶಾಲಾಕ್ಷಿಗೂ ಅನ್ನಿಸಿತು. ಅನ್ನಿಸಿದ ಮರುಕ್ಷಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಭುಜ ಮುಂದೆ ಹೋದರೆ ನಾಳೆ ಎಂದು ಇವರಿಗೆ ಕಲಿಸಿದವಳು ತಾನು. ಅಥವಾ ತಾನೇ ತಪ್ಪು ಕಲಿಸಿ ಈಗ ಇವರು ಸರಿ ಮಾಡಿಕೊಂಡಿದ್ದಾರೋ? ಅವ್ವನನ್ನು ಕೇಳಿಬಿಡಬೇಕು ಎಂದುಕೊಂಡಳು. ಪಕ್ಕದ ಮನೆಯವರು ಊರು ಬಿಟ್ಟಿದ್ದರು, ಮಾವನ ಲಾರಿ ಗುಜರಾತಿನ ಕಡೆ ಹೋಗಿತ್ತು, ಮೊಬೈಲು ಹಿಡಿದು ಎದುರಿಗೆ ಕೂರುವವರು ಯಾರೂ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಇಡ್ಲಿ ಮುಗಿಸಿ ತರಗತಿಗೆ ಹೋದಳು.

ಪರೀಕ್ಷೆ ಮುಗಿಯಿತು. ಆ ಕಾಲೇಜಿನಲ್ಲಿ ಫಲಿತಾಂಶಕ್ಕೆ ಕಾಯುವ ಪದ್ಧತಿ ಇಲ್ಲ. ಹೊರಡುವ ದಿನವೇ ಗೊತ್ತಾಯಿತು. ಗಣಿತದಲ್ಲಿ ಎಂಬತ್ತೆಂಟು. ದಾವಣಗೆರೆಯ ಬಸ್ಸಿನಲ್ಲಿ ಕೂತು ಅವಳು ಅವ್ವನಿಗೆ ಹೇಳಬೇಕಾದದ್ದನ್ನು ಬ್ಯಾಗಿನ ಮರೆಯಲ್ಲಿ ಒಂದೇ ಕೈಯಿಂದ ಹೇಳಿ ನೋಡಿದಳು. ತಡವರಿಕೆ ಇರಲಿಲ್ಲ. ಬೆರಳುಗಳು ನೀರಿನ ಹಾಗೆ ಹರಿದವು.

ಅವಳು ಮನೆಗೆ ಹೋಗದೆ ನೇರ ಭಟ್ಟಿಗೆ ಹೋದಳು. ಹೊಗೆಯಿಂದ ಕಪ್ಪಾದ ಸಣ್ಣ ಸಣ್ಣ ಮನೆಗಳ ಸಾಲು, ಅಂಗಳದ ತುಂಬ ಒಣಹಾಕಿದ ಅಕ್ಕಿ. ಹಾಲಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಆಡಿಸುತ್ತಿದ್ದಳು. ಮಗಳನ್ನು ಕಂಡು ಜರಡಿ ಬಿಟ್ಟು ಬಂದಳು. ಕೈ ಸೆರಗಿಗೆ ಒರೆಸಿಕೊಂಡು, ಬಟ್ಟೆ ಗದ್ದಕ್ಕಿಳಿಸಿ, ಕಾದು ನಿಂತಳು.

ವಿಶಾಲಾಕ್ಷಿ ಹೇಳಿದಳು. ಪಾಸಾದೆ, ಗಣಿತದಲ್ಲಿ ಒಳ್ಳೆಯ ಅಂಕ ಬಂತು, ಒಂದು ತಿಂಗಳು ಇಲ್ಲೇ ಇರುತ್ತೇನೆ, ನಿನ್ನ ಜ್ವರದ ದಿನ ನನಗೆ ತಿಳಿಯಲಿಲ್ಲ, ಬೈಯಬೇಡ.

ಅವ್ವ ಮಗಳ ಕೈ ನೋಡಿದಳು. ಆಮೇಲೆ ಮುಖ ನೋಡಿದಳು. ಹಿಂದೆ ಬರುವ ಬಸ್ಸಿಗೆ ಕಾಯುವವರ ಹಾಗೆ, ಮುಖದ ಮೇಲೆ ಇನ್ನೇನೋ ಬರಬೇಕಾಗಿದೆ ಎಂಬಂತೆ ನೋಡುತ್ತಲೇ ಇದ್ದಳು. ಏನೂ ಬರಲಿಲ್ಲ. ವಿಶಾಲಾಕ್ಷಿ ಇನ್ನೊಮ್ಮೆ, ನಿಧಾನವಾಗಿ ಹೇಳಿದಳು. ಅವ್ವ ಉತ್ತರ ಕೊಟ್ಟಳು. ಅದರಲ್ಲಿ ಕೆನ್ನೆ ಉಬ್ಬಿತು, ಭುಜ ತಿರುಗಿತು, ಹುಬ್ಬು ಎದ್ದು ಬಿತ್ತು, ಮೊಣಕೈ ಮಗಳ ಪಕ್ಕೆಗೆ ತಾಗಿತು. ವಿಶಾಲಾಕ್ಷಿ ಅವಳ ಬೆರಳುಗಳನ್ನಷ್ಟೇ ನೋಡುತ್ತಿದ್ದಳು. ಬೆರಳುಗಳು ಅಷ್ಟರಲ್ಲಿ ಏನನ್ನೂ ಹೇಳಿರಲಿಲ್ಲ.

ಆಗ ಹಾಲಮ್ಮ ಹತ್ತಿರ ಬಂದು ಎರಡು ಹೆಬ್ಬೆರಳುಗಳನ್ನು ಮಗಳ ಹುಬ್ಬುಗಳ ಮೇಲಿಟ್ಟಳು. ಮರಳಿಗೆ ಒರಟಾದ ಬೆರಳು. ಹುಬ್ಬುಗಳನ್ನು ಮೇಲಕ್ಕೆ ತಳ್ಳಿದಳು. ಕೈ ತೆಗೆದೊಡನೆ ಅವು ಕೆಳಗಿಳಿದವು. ಮತ್ತೆ ತಳ್ಳಿದಳು. ಕೆಲಸದ ಹೆಂಗಸರು ಜರಡಿ ನಿಲ್ಲಿಸಿ ನೋಡತೊಡಗಿದರು. ವಿಶಾಲಾಕ್ಷಿಗೆ ಅಳು ಒತ್ತಿಕೊಂಡು ಬಂತು. ಕಣ್ಣಲ್ಲಿ ನೀರು ಇಳಿಯಿತೇ ಹೊರತು ಮುಖ ಆಗಲೂ ಬೋರ್ಡು ನೋಡುವವರ ಮುಖವಾಗಿಯೇ ಇತ್ತು. ಹಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಬಲಗೈಯ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದಳು.

ಉಂಡೆಯಾ ಎಂಬ ಸನ್ನೆ. ಅದು ಅವರ ಮನೆಯ ಮಾತಲ್ಲ. ಕಿರಾಣಿ ಅಂಗಡಿಯವರು, ಕಂಡಕ್ಟರು, ಬೀದಿಯಲ್ಲಿ ಹೋಗುವವರು, ಯಾರು ಬೇಕಾದರೂ ಕಿವುಡಿಗೆ ಮಾಡುವ ಸನ್ನೆ. ಕಿವುಡಿಯೂ ಅಪರಿಚಿತರಿಗೆ ಮಾಡುವ ಸನ್ನೆ.

ಸಂಜೆ ಕೊಟ್ರೇಶಪ್ಪ ಬಂದಾಗ ತಾಯಿ ಮಗಳು ಹಜಾರದಲ್ಲಿ ಎದುರುಬದುರು ಕೂತಿದ್ದರು. ನಡುವೆ ಮೊರದ ತುಂಬ ಮಂಡಕ್ಕಿ, ಯಾರೂ ಮುಟ್ಟಿರಲಿಲ್ಲ. ಹಾಲಮ್ಮ ಒಂದೇ ಸನ್ನೆಯನ್ನು ಬಿಟ್ಟು ಬಿಟ್ಟು ಮಾಡುತ್ತಿದ್ದಳು: ಬೆರಳಿನ ಗೆಣ್ಣಿನಿಂದ ತನ್ನ ಕಣ್ಣರೆಪ್ಪೆ ಮುಟ್ಟಿ, ಅದೇ ಗೆಣ್ಣನ್ನು ಮಗಳ ಗದ್ದಕ್ಕೆ ತಾಗಿಸಿ, ಮೆಲ್ಲಗೆ ಕಣ್ಣರಳಿಸುವುದು. ವಿಶಾಲಾಕ್ಷಿ ಪ್ರತಿ ಸಲವೂ ತಲೆಯಾಡಿಸಿ, ಕಣ್ಣು ನೋಯುತ್ತಾ, ಹೊಗೆಯಾ, ನಿದ್ದೆಯಾ ಎಂದು ಬೆರಳಿನಲ್ಲಿ ಕೇಳುತ್ತಿದ್ದಳು. ಮಾವನನ್ನು ಕಂಡು, ಇದೇನು ಹೇಳುತ್ತಿದ್ದಾಳೆ, ನಿನಗೆ ಗೊತ್ತಾಗುತ್ತದೆಯೇ ಎಂದು ಕೇಳಿದಳು.

ಕೊಟ್ರೇಶಪ್ಪ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಅವಳು ತಮಾಷೆ ಮಾಡುತ್ತಿದ್ದಾಳೋ ಎಂದು ಒಂದು ಗಳಿಗೆ ನೋಡಿದ.

"ಅದು ನಿನ್ನ ಹೆಸರಲ್ಲೇನವ್ವ," ಎಂದ.

ರಜೆಯ ಉಳಿದ ದಿನಗಳಲ್ಲಿ ವಿಶಾಲಾಕ್ಷಿ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಮಾಡಬೇಕಾದದ್ದನ್ನು ಮಾಡಿದಳು. ಒಂದೊಂದೇ ವಸ್ತು ಎದುರಿಗಿಟ್ಟು, ಒಂದೊಂದೇ ಸನ್ನೆಯನ್ನು ಅವ್ವನೆದುರು ಪರೀಕ್ಷಿಸಿದಳು. ಹಾಲಮ್ಮ ಸಹಕರಿಸಿದಳು. ಅಂಗಡಿಯವರೊಂದಿಗೆ ಇರುವಷ್ಟು ತಾಳ್ಮೆಯಿಂದ ಇದ್ದಳು.

ಪರದೆಯ ಮೇಲೆ ಭದ್ರವಾಗಿದ್ದ ಸನ್ನೆಗಳು ನಾನೂರ ಹನ್ನೆರಡು. ಅವುಗಳಲ್ಲಿ ಅವ್ವನಿಗೆ ತಿಳಿದದ್ದು ಮೂವತ್ತೊಂದು. ಹೋದದ್ದು ಮುನ್ನೂರ ಎಂಬತ್ತೊಂದು. ಪಾಠ ಶುರುವಾಗುವ ಮೊದಲೇ ಅಳಿಸಿಹೋಗಿ ಪರದೆ ಎಣಿಸಲೇ ಇಲ್ಲದ್ದು ಮನೆಯವರ ಹೆಸರುಗಳು. ಅವು ಒಂಬತ್ತು ಇದ್ದವು, ಒಂಬತ್ತೂ ಹೋಗಿದ್ದವು.